ಪಂಚನಾಮೆ ಬರೆಯಬಲ್ಲವರಿಗೆ ಪ್ರವೇಶವಿದೆಯೇ?

ರಾಯಚೂರು ಜಿಲ್ಲೆಯ ಸಿಂಧನೂರಿನ ಸುಕಾಲಪೇಟೆಯಲ್ಲಿ 2020ರ ಜುಲೈನಲ್ಲಿ ನಡೆದ ಕೊಲೆಗಳ ಪ್ರಕರಣಕ್ಕೆ ತೀರ್ಪು ಬಂದದ್ದು 2025ರ ಏಪ್ರಿಲ್‌ನಲ್ಲಿ. ಮಗಳು ಪ್ರೀತಿಸಿ ಮದುವೆಯಾದಳೆಂಬ ಸಿಟ್ಟಿಗೆ ಹುಡುಗನ ಮನೆಯವರ ಮೇಲೆ ಬಿದ್ದು ಕೊಂದಿದ್ದರು. ಸಿಂಧನೂರಿನಲ್ಲೇ ಕುಳಿತ ಸೆಷನ್ಸ್ ನ್ಯಾಯಾಲಯ ಮೂವರಿಗೆ ಮರಣದಂಡನೆ, ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪತ್ರಿಕೆಗಳಲ್ಲಿ ತೀರ್ಪು ದೊಡ್ಡದಾಗಿ ಬಂತು. ಇಂಥ ತೀರ್ಪಿನ ಹಿಂದೆ ದೂರು ಬರೆದುಕೊಂಡವರು, ಪಂಚನಾಮೆ ಮಾಡಿದವರು, ರಕ್ತದ ಮಾದರಿ ಕಟ್ಟಿ ಪ್ರಯೋಗಾಲಯಕ್ಕೆ ಕಳಿಸಿದವರು, ಸಾಕ್ಷಿಗಳನ್ನು ಕಟಕಟೆಯವರೆಗೆ ಕರೆತಂದ ಸರ್ಕಾರಿ ಅಭಿಯೋಜಕರು ಇರುತ್ತಾರೆ. ಅವರ ಹೆಸರು ಎಲ್ಲೂ ಬರುವುದಿಲ್ಲ. ಅವರಂಥವರನ್ನು ತಯಾರು ಮಾಡಬೇಕಾದ ಸ್ನಾತಕೋತ್ತರ ಕೋರ್ಸುಗಳು ಬಾಗಿಲಲ್ಲಿ ಏನು ಕೇಳುತ್ತವೆ, ಏನು ಕೇಳುವುದಿಲ್ಲ ಎಂಬುದು ಈ ಬರಹದ ವಿಷಯ.

ಕೋರ್ಸುಗಳಿಗೆ ಕೊರತೆಯಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ವಿಭಾಗವೇ ಇದೆ. ಮಂಗಳೂರಿನ ರೋಶನಿ ನಿಲಯದಲ್ಲೂ ಅದೇ ವಿಷಯ ಕಲಿಸುತ್ತಾರೆ. ಗುಜರಾತಿನ ಗಾಂಧಿನಗರದಲ್ಲಿ ನೆಲೆಯಿರುವ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್ಸಿಗೆ 2023ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯ ಶಿವಮೊಗ್ಗಕ್ಕೆ ಬಂದಿದೆ. ಎಲ್‌ಎಲ್‌.ಎಂ. ಓದುವವರಿಗೆ ಕಲಬುರಗಿಯೂ ಇದೆ, ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯವೂ ಇದೆ. ಇವುಗಳಲ್ಲಿ ಒಂದೂ ರಾಯಚೂರು ಜಿಲ್ಲೆಯೊಳಗಿಲ್ಲ, ಅದು ಬೇರೆ ಮಾತು. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂದ ಮೇಲೆ ಹುಬ್ಬಳ್ಳಿ, ಧಾರವಾಡ ತುಸು ಹತ್ತಿರವಾಗಿವೆ. ನೆರೆಯ ಮಸ್ಕಿಯವರು ಆ ರೈಲು ಹಿಡಿಯಲೂ ಸಿಂಧನೂರಿಗೇ ಬರಬೇಕು.

ಮೊದಲ ಷರತ್ತು ಪದವಿಯದು. ವಿಧಿವಿಜ್ಞಾನದ ಎಂ.ಎಸ್ಸಿ.ಗೆ ವಿಜ್ಞಾನ ಪದವಿಯೇ ಆಗಬೇಕು. ಕೇಳಲು ನ್ಯಾಯವಾಗಿಯೇ ಇದೆ. ರಸಾಯನಶಾಸ್ತ್ರ ಗೊತ್ತಿಲ್ಲದವರ ಕೈಗೆ ವಿಷದ ಮಾದರಿ ಕೊಡಲಾಗದು. ಆದರೆ ಈ ನಿರ್ಧಾರ ಆಗುವುದು ಪದವಿಯಲ್ಲಲ್ಲ, ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ, ಹದಿನಾರನೆಯ ವಯಸ್ಸಿನಲ್ಲಿ. ಆಗ ಕಲಾ ವಿಭಾಗ ಹಿಡಿದವರಿಗೆ ಮುಂದೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರದ ಕಾಂಬಿನೇಷನ್ನು. ಆ ವಯಸ್ಸಿನ ಎಷ್ಟು ಮಕ್ಕಳಿಗೆ ವಿಧಿವಿಜ್ಞಾನ ಎಂಬ ಕಸುಬೊಂದಿದೆ ಎಂದಾದರೂ ಗೊತ್ತಿರುತ್ತದೆ? ಅಪರಾಧಶಾಸ್ತ್ರದ ಎಂ.ಎ. ಇಷ್ಟು ಬಿಗಿಯಲ್ಲ, ಅಲ್ಲಿ ಕಲಾ ಪದವೀಧರರಿಗೂ ಜಾಗವುಂಟು. ಆದರೆ ಅದನ್ನು ಓದಿ ಬಂದವರಿಗೆ ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ನೇಮಕಾತಿಯಲ್ಲಿ ಆದ್ಯತೆಯೇನೂ ಇಲ್ಲ. ಯಾವ ಪದವಿಯಾದರೂ ಅಲ್ಲಿ ನಡೆಯುತ್ತದೆ.

ಆ ನೇಮಕಾತಿಯ ಕಥೆಯನ್ನು ಈ ಭಾಗದವರಿಗೆ ಹೇಳಬೇಕಾಗಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು, ಕಲಬುರಗಿಯ ಕೇಂದ್ರವೊಂದರಿಂದ ಅಕ್ರಮ ಹೊರಬಿತ್ತು, 2022ರ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ಆಗುವ ಹೊತ್ತಿಗೆ 2024ರ ಜನವರಿ. ಅಪರಾಧ ಹಿಡಿಯುವವರ ಆಯ್ಕೆಯೇ ಸಿಐಡಿ ತನಿಖೆಯ ವಸ್ತುವಾಯಿತು. ಪ್ರಾಮಾಣಿಕವಾಗಿ ಬರೆದವರ ವಯಸ್ಸು ಮಾತ್ರ ಎರಡು ವರ್ಷ ಏರಿತ್ತು.

ಎರಡನೆಯದು ಅಂಕ. ಎಲ್‌ಎಲ್‌.ಎಂ.ಗೆ ಮೊದಲು ಓದಬೇಕಾದ ಎಲ್‌ಎಲ್‌.ಬಿ.ಗೆ ಬಾರ್ ಕೌನ್ಸಿಲ್ ಹಾಕಿದ ಗೆರೆ ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟರಿಗೆ ಶೇ 40. ಇದರ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಗೆರೆ ತೀರ ಎತ್ತರವೂ ಅಲ್ಲ, ಅದು ಏನನ್ನು ಅಳೆಯುತ್ತದೆ ಎಂಬುದು ಸ್ಪಷ್ಟವೂ ಅಲ್ಲ.

ನಿಜವಾದ ತಗಾದೆ ಇರುವುದು ಮೂರನೆಯದರಲ್ಲಿ, ಪ್ರವೇಶ ಪರೀಕ್ಷೆಯ ಭಾಷೆಯಲ್ಲಿ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ನಡೆಯುವ ಸಿಯುಇಟಿಯನ್ನು ಹದಿಮೂರು ಭಾಷೆಗಳಲ್ಲಿ ಬರೆಯಬಹುದು, ಕನ್ನಡವೂ ಅವುಗಳಲ್ಲೊಂದು. ಸ್ನಾತಕೋತ್ತರ ಸಿಯುಇಟಿಗೆ ಬಂದರೆ, ಭಾಷಾ ವಿಷಯಗಳನ್ನು ಬಿಟ್ಟು ಉಳಿದದ್ದೆಲ್ಲ ಬಹುಮಟ್ಟಿಗೆ ಇಂಗ್ಲಿಷು ಮತ್ತು ಹಿಂದಿ. ಹದಿನೆಂಟರ ಹುಡುಗಿಗೆ ಸಿಕ್ಕ ಕನ್ನಡ ಇಪ್ಪತ್ತೊಂದಕ್ಕೆ ಕೈತಪ್ಪುತ್ತದೆ. ರಾಷ್ಟ್ರೀಯ ಕಾನೂನು ಶಾಲೆಗಳ ಎಲ್‌ಎಲ್‌.ಎಂ.ಗೆ ಇರುವ ಕ್ಲಾಟ್ ಪೂರ್ತಿ ಇಂಗ್ಲಿಷು. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದಲ್ಲಿ ಕನ್ನಡದಲ್ಲೇ ಎಲ್‌ಎಲ್‌.ಬಿ. ಬರೆದು ಗೆದ್ದವರು ಇಲ್ಲಿ ಎಡವುತ್ತಾರೆ. ಅವರಿಗೆ ಕಾನೂನು ಗೊತ್ತಿಲ್ಲವೆಂದಲ್ಲ, ಉದ್ದುದ್ದ ಇಂಗ್ಲಿಷ್ ಗದ್ಯಭಾಗಗಳನ್ನು ಗಡಿಯಾರದ ಮುಂದೆ ಓದಿ ಅಭ್ಯಾಸವಿಲ್ಲ.

ಉನ್ನತ ಅಧ್ಯಯನಕ್ಕೆ ಇಂಗ್ಲಿಷ್ ಬೇಕು, ಪುಸ್ತಕಗಳೆಲ್ಲ ಅದರಲ್ಲೇ ಇವೆ ಎನ್ನುವ ವಾದ ಹುಸಿಯಲ್ಲ. ವಿಧಿವಿಜ್ಞಾನದ ಸಂಶೋಧನಾ ಲೇಖನಗಳನ್ನು ಕನ್ನಡದಲ್ಲಿ ಹುಡುಕಿ ಹೊರಟವರು ಬರಿಗೈಯಲ್ಲಿ ಬರುತ್ತಾರೆ. ಆದರೆ ವಾದ ಅರ್ಧದಲ್ಲೇ ನಿಲ್ಲುತ್ತದೆ. ಕರ್ನಾಟಕದ ಅಧೀನ ನ್ಯಾಯಾಲಯಗಳ ಭಾಷೆ ಕನ್ನಡ. ಎಫ್‌ಐಆರ್ ಕನ್ನಡದಲ್ಲಿ, ಪಂಚನಾಮೆ ಕನ್ನಡದಲ್ಲಿ, ದೋಷಾರೋಪ ಪಟ್ಟಿ ಕನ್ನಡದಲ್ಲಿ. ಪಾಟೀಸವಾಲಿನಲ್ಲಿ ಪಂಚ ಸಾಕ್ಷಿಯನ್ನು ವಕೀಲರು ಸಿಕ್ಕಿಸುವುದು, ಚಾಕು ಬಿದ್ದದ್ದು ಕಟ್ಟೆಯ ಮೇಲೋ ಕಟ್ಟೆಯ ಬದಿಗೋ ಎಂಬ ಒಂದು ಪದದ ಮೇಲೆ. ಕನ್ನಡದ ಒಂದು ಪುಟ ಸ್ಪಷ್ಟವಾಗಿ ಬರೆಯಬಲ್ಲರೇ ಎಂದು ಈ ರಾಷ್ಟ್ರಮಟ್ಟದ ಪರೀಕ್ಷೆಗಳು ಒಮ್ಮೆಯೂ ಕೇಳುವುದಿಲ್ಲ.

ಅದರಲ್ಲೂ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳ ಕನ್ನಡ ಒಂಟಿಯಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಬಂದ ಮೇಲೆ ಸಿಂಧನೂರಿನ ಸುತ್ತ ಆಂಧ್ರದ ರೈತರ ಕ್ಯಾಂಪುಗಳು ಎದ್ದವು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳು ಅದೇ ತಾಲ್ಲೂಕಿನಲ್ಲಿವೆ. ಜೊತೆಗೆ ಉರ್ದು, ತಾಂಡಾಗಳ ಲಂಬಾಣಿ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಗೆ ಹೊರಗಿನಿಂದ ಬಂದು ನೆಲೆಸಿದವರ ಮಾತು ಇನ್ನೊಂದು. ಠಾಣೆಯ ಬೆಂಚಿನ ಮೇಲೆ ಕುಳಿತ ಹೆಂಗಸು ಯಾವ ಭಾಷೆಯಲ್ಲಿ ಅಳುತ್ತಾಳೆ ಎಂಬುದನ್ನು ತಿಳಿದವರು ಅರ್ಧ ತನಿಖೆ ಮುಗಿಸಿದಂತೆ. ಇಲ್ಲಿನ ಅಪರಾಧಗಳಿಗೂ ಇಲ್ಲಿನದೇ ಗುರುತುಗಳಿವೆ: ಸೇಂದಿಗೆ ಬೆರೆಸುವ ಸಿ.ಎಚ್. ಪೌಡರ್, ನದಿಯ ಮರಳು, ಮಟ್ಕಾ, 1982ರ ನಿಷೇಧ ಕಾಯ್ದೆಯ ನಂತರವೂ ಕದ್ದುಮುಚ್ಚಿ ಉಳಿದ ದೇವದಾಸಿ ಪದ್ಧತಿ. ಆ ಪೌಡರ್ ಕ್ಲೋರಲ್ ಹೈಡ್ರೇಟ್ ಎಂದು ಪುಸ್ತಕ ಹೇಳುತ್ತದೆ. ಅದು ಯಾವ ಓಣಿಯಲ್ಲಿ, ಯಾವ ಹೊತ್ತಿನಲ್ಲಿ ಕೈ ಬದಲಿಸುತ್ತದೆ ಎಂಬುದು ಊರಿನ ಹುಡುಗನಿಗೆ ಗೊತ್ತು. ಅವನ ಈ ತಿಳಿವಳಿಕೆಗೆ ಅರ್ಜಿ ನಮೂನೆಯಲ್ಲಿ ಕಾಲಂ ಇಲ್ಲ.

ಅಮೆರಿಕದಲ್ಲಿ ಆ ಕಾಲಂ ಇದೆ. ಮಿಷಿಗನ್ ಸ್ಟೇಟ್‌ನಲ್ಲಿ 1935ರಿಂದ ಈ ವಿಷಯದ ಶಾಲೆ ನಡೆಯುತ್ತಿದೆ, ನ್ಯೂಯಾರ್ಕಿನ ಜಾನ್ ಜೇ ಕಾಲೇಜು ಇದಕ್ಕೇ ಹೆಸರಾದದ್ದು. ಅಲ್ಲಿನ ಇಂಥ ಕೋರ್ಸುಗಳಲ್ಲಿ ಅಂಕಪಟ್ಟಿಯ ಜೊತೆಗೆ ಶಿಫಾರಸು ಪತ್ರ, ಈ ವಿಷಯವೇ ಏಕೆ ಎಂದು ಅಭ್ಯರ್ಥಿ ತಾನೇ ಬರೆದ ಒಂದೆರಡು ಪುಟ ಕೇಳುವುದು ವಾಡಿಕೆ. ಜಿಆರ್‌ಇ ಪರೀಕ್ಷೆಯನ್ನು ಹಲವು ಕಡೆ ಕೈಬಿಟ್ಟಿದ್ದಾರೆ. ಓದಲು ಚೆನ್ನಾಗಿದೆ. ಆದರೆ ಇದನ್ನು ಹಾಗೇ ಎತ್ತಿ ತಂದು ಇಲ್ಲಿ ನೆಟ್ಟರೆ ಆ ಎರಡು ಪುಟ ಬರೆದುಕೊಡುವ ಅಂಗಡಿಗಳು ಕೋಚಿಂಗ್ ಸೆಂಟರಿನ ಪಕ್ಕದಲ್ಲೇ ತೆರೆಯುತ್ತವೆ. ಶಿಫಾರಸು ಎಂಬುದಕ್ಕೆ ನಮ್ಮಲ್ಲಿ ಇರುವ ಅರ್ಥವೂ ಎಲ್ಲರಿಗೆ ಗೊತ್ತಿದ್ದದ್ದೇ. ಅಲ್ಲಿಗೇ ಹೋಗಿ ಓದುತ್ತೇವೆನ್ನುವವರಿಗೆ ಬೇರೆ ತೊಡಕು. ಕರ್ನಾಟಕ 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಅಲ್ಲಿನ ಎಷ್ಟೋ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ್ದನ್ನು ಬಯಸುತ್ತವೆ.

ಒಳ್ಳೆಯ ಮಾದರಿಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಲಿಂಗಸುಗೂರಿನಿಂದ ಕೃಷ್ಣೆ ದಾಟಿದರೆ ಸುರಪುರ. ಅಲ್ಲಿ 1840ರ ದಶಕದಲ್ಲಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ಅದಕ್ಕೂ ಮೊದಲು ನಿಜಾಮನ ಸೇವೆಯಲ್ಲಿ ಠಕ್ಕರ ಜಾಡು ಹಿಡಿದವನು. ಆ ಅನುಭವದಿಂದ 1839ರಲ್ಲಿ ಅವನ ಪ್ರಸಿದ್ಧ ಕಾದಂಬರಿ ಬಂತು. ಅವನಿಗೆ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ, ದೇಶಭಾಷೆ ಬರುತ್ತಿತ್ತು. ವಸಾಹತು ಅಧಿಕಾರಿಯನ್ನು ಆದರ್ಶ ಮಾಡುವ ಅಗತ್ಯವಿಲ್ಲ. ಠಕ್ಕರ ಬಗ್ಗೆ ಬ್ರಿಟಿಷರು ಕಟ್ಟಿದ ಚಿತ್ರವನ್ನೇ ಇತಿಹಾಸಕಾರರು ಈಗ ಅನುಮಾನದಿಂದ ನೋಡುತ್ತಾರೆ. ಆದರೂ ಭಾಷೆ ಬಾರದೆ ತನಿಖೆ ಸಾಗದು ಎಂಬಷ್ಟು ಆ ಕಾಲಕ್ಕೂ ಗೊತ್ತಿತ್ತು.

ಈಗಿನ ಉದಾಹರಣೆ ಬೇಕೆಂದರೆ ರಾಜ್ಯದ ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಇದೆ. ಅದರ ಮುಖ್ಯ ಪರೀಕ್ಷೆಯಲ್ಲಿ 100 ಅಂಕದ ಒಂದು ಪತ್ರಿಕೆ ಅನುವಾದಕ್ಕೆ ಮೀಸಲು: ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ. ಬಿಡಿ ಬಿಡಿ ಗುರುತು ಹಾಕಿ ಪಾಸಾಗುವ ಪತ್ರಿಕೆಯಲ್ಲ. ಎರಡೂ ಭಾಷೆಯಲ್ಲಿ ಕೈ ಪಳಗಿರಲೇಬೇಕು. ಮಹಾನಗರದ ಇಂಗ್ಲಿಷ್ ಕಾಲೇಜಿನವರು ಇಲ್ಲಿ ಬೆವರುತ್ತಾರೆ, ಮಸ್ಕಿಯ ಸರ್ಕಾರಿ ಕಾಲೇಜಿನವರೂ ಬೆವರುತ್ತಾರೆ. ಕಷ್ಟ ಇಬ್ಬರಿಗೂ ಸಮಾನವಾಗಿ ಬೀಳುತ್ತದೆ, ಕೆಲಸಕ್ಕೆ ಬೇಕಾದದ್ದನ್ನೇ ಕೇಳುತ್ತದೆ. ಇಂಥ ಒಂದು ಪತ್ರಿಕೆಯನ್ನು ಧಾರವಾಡದ ವಿಧಿವಿಜ್ಞಾನ ಕ್ಯಾಂಪಸ್ಸಿನ ಪ್ರವೇಶಕ್ಕೆ ಸೇರಿಸಲು ಏನು ಅಡ್ಡಿ?

371(ಜೆ) ಇದೆಯಲ್ಲ ಎನ್ನಬಹುದು. 98ನೆಯ ತಿದ್ದುಪಡಿಯಿಂದ ಬಂದ ಈ ವಿಧಿಯಡಿ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಈ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು. ವೈದ್ಯಕೀಯ, ಎಂಜಿನಿಯರಿಂಗ್ ಸೀಟುಗಳಲ್ಲಿ ಇದರ ಫಲ ಕಣ್ಣಿಗೆ ಕಾಣುತ್ತದೆ. ಆದರೆ ಅಪರಾಧಶಾಸ್ತ್ರದ ವಿಷಯಕ್ಕೆ ಬಂದರೆ, ಧಾರವಾಡದಲ್ಲಿ ಸಿಗುವುದು ಎಂಟರ ಲೆಕ್ಕ. ಕೇಂದ್ರದ ಸಂಸ್ಥೆಗಳಿಗೆ ಈ ಮೀಸಲಾತಿಯ ಬಂಧನವೇ ಇಲ್ಲ. ರಾಯಚೂರಿನ ವಿಶ್ವವಿದ್ಯಾಲಯ ಸ್ವಂತವಾಗಿ ಇಂಥದ್ದೊಂದು ವಿಭಾಗ ತೆರೆದರೆ ಎಪ್ಪತ್ತರ ಲೆಕ್ಕ ಜೀವ ಪಡೆಯುತ್ತದೆ.

ಅವಸರಕ್ಕೆ ಕಾರಣವೂ ಉಂಟು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೆಯ ಕಲಮಿನಂತೆ, ಏಳು ವರ್ಷ ಅಥವಾ ಅದಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದ ಜಾಗಕ್ಕೆ ವಿಧಿವಿಜ್ಞಾನ ತಜ್ಞರು ಹೋಗಲೇಬೇಕು. ಅದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ ಸಿಕ್ಕ ಗಡುವು ಐದು ವರ್ಷ, ಅಂದರೆ 2029. ಕಾಯ್ದೆ ಬಂದ ವರ್ಷ ಲಿಂಗಸುಗೂರಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹುಡುಗಿ, ಎಲ್ಲೂ ನಿಲ್ಲದೆ, ಎಲ್ಲ ಪ್ರವೇಶ ಪರೀಕ್ಷೆಗಳನ್ನೂ ಮೊದಲ ಸಲಕ್ಕೇ ದಾಟಿಕೊಂಡು ಹೋದರೂ, ಎಂ.ಎಸ್ಸಿ. ಕೈಗೆ ಬರುವುದು 2031ಕ್ಕೆ.