ಲ್ಯಾನೆಗನ್ನನ ದನಿ ಸೆರೆ ಕೊಟ್ಟದ್ದಲ್ಲ

ಅಮೆರಿಕದ ಹಾಡುಗಾರ ಮಾರ್ಕ್ ಲ್ಯಾನೆಗನ್ 2022ರ ಫೆಬ್ರುವರಿ 22ರಂದು ಐರ್ಲೆಂಡಿನ ಕಿಲಾರ್ನಿಯಲ್ಲಿ ತೀರಿಕೊಂಡ. ವಯಸ್ಸು 57. ಅವನ ದನಿಯ ಬಗ್ಗೆ ಬರೆದವರು ಬಹಳ ಮಂದಿ ಒಂದೇ ಮಾತು ಹೇಳತಾರ: ಸೆರೆಯಲ್ಲಿ ನೆನೆದು ಸಿಗರೇಟಿನ ಹೊಗೆಯಲ್ಲಿ ಸುಟ್ಟ ದನಿ ಅಂತ. ಹೊಗಳಾಕ ಅಂತನ ಹೇಳಿದ ಮಾತು, ಖರೆ. ಆದರ ಆ ಮನುಷ್ಯಾ ದುಡಿದ ಕೂಲಿಯನ್ನ ಒಯ್ದು ಬಾಟಲಿಯ ಕೈಯಾಗ ಕೊಟ್ಟಂಗ ಆತು.

ನಲವತ್ತು ವರ್ಷ ಅಮಾಸಿ ಭಜನಿಯೊಳಗ ಏಕತಾರಿ ಹಿಡಿದವ ನಾನು. ‘ಎರಡು ಗುಟುಕು ಹಾಕಿದರ ದನಿ ಬಿಚ್ಚತೈತಿ’ ಅಂತ ನಂಬಿದ ಹುಡುಗರು ನಮ್ಮ ಜತ್ತ ಸೀಮಿಯ ಮೇಳಗಳಲ್ಲೂ ಅದಾರ. ಅದಕ್ಕ ಈ ಮಾತು ತೆಗೆದೆ. ನನಗ ಇಂಗ್ಲಿಷ್ ಬರೂದಿಲ್ಲ. ಪುಣೆಯಲ್ಲಿರುವ ಮೊಮ್ಮಗ ಮೊಬೈಲಿನಾಗ ಹಾಡು ಹಚ್ಚಿ ಅರ್ಥ ಬಿಡಿಸಿ ಹೇಳಿದ. ದನಿಗೆ ಮಾತ್ರ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಲ್ಯಾನೆಗನ್ ಹುಟ್ಟಿದ್ದು 1964ರಲ್ಲಿ, ವಾಷಿಂಗ್ಟನ್ ರಾಜ್ಯದ ಎಲೆನ್ಸ್‌ಬರ್ಗ್‌ನಲ್ಲಿ. ಹುಲ್ಲು ಬೆಳೆದು ಮಾರುವ ಒಕ್ಕಲುತನದ ಸೀಮಿ ಅದು. ಅಲ್ಲಿಂದ ಸುಮಾರು 170 ಕಿಲೋಮೀಟರ್ ದೂರ ಸಿಯಾಟಲ್ ಪ್ಯಾಟಿ. 1990ರ ಆಜೂಬಾಜೂ ಅಲ್ಲಿ ಗಿಟಾರಿನ ಅಬ್ಬರದ ಗ್ರಂಜ್ ಹಾಡು ಎದ್ದಿತು. ಇವನ ಮೇಳದ ಹೆಸರು ಸ್ಕ್ರೀಮಿಂಗ್ ಟ್ರೀಸ್. ಉಳಿದವರು ಗಂಟಲು ಹರಿಯುವಂಗ ಒದರುವಾಗ ಇವ ತಗ್ಗಿನ ಸ್ವರದಾಗ ನಿಂತ. ಏರು ಸ್ವರದಾಗ ತಪ್ಪು ಮುಚ್ಚಿಹೋಗತಾವ. ತಗ್ಗಿನಾಗ ಉಸಿರು ಕಡಿಮಿ ಬಿದ್ದರೂ ಕೇಳಿಸತೈತಿ. ಅಲ್ಲಿ ನಿಲ್ಲಾಕ ಸಾಧನೆ ಬೇಕು.

ಅವನು ಒಂಟಿಯಾಗಿ ಮಾಡಿದ ಮೊದಲ ಆಲ್ಬಮ್ 1990ರದ್ದು. ಅದರಾಗ ಒಂದು ಹಳೆಯ ಜನಪದ ಹಾಡು ಐತಿ. ಲೂಯಿಸಿಯಾನದ ಕರಿಯ ಹಾಡುಗಾರ ಲೆಡ್ ಬೆಲ್ಲಿ 1940ರ ದಶಕದಲ್ಲಿ ಹಾಡಿ ಉಳಿಸಿದ್ದು. ಲ್ಯಾನೆಗನ್ ಅದನ್ನ ಹಾಡಿದಾಗ ಗೆಳೆಯ ಕರ್ಟ್ ಕೋಬೇನ್ ಗಿಟಾರು ಹಿಡಿದಿದ್ದ. 1993ರ ನವೆಂಬರದಾಗ ಅದೇ ಹಾಡನ್ನ ಕೋಬೇನ್ ತನ್ನ ನಿರ್ವಾಣ ಮೇಳದೊಂದಿಗೆ ನ್ಯೂಯಾರ್ಕಿನಲ್ಲಿ ಹಾಡಿದ. ಜಗತ್ತಿಗೆ ನೆನಪಿರೋದು ಆ ಹಾಡಿಕೆ. ನನಗ ಇದರಾಗ ನ್ಯಾಯ ಅನ್ಯಾಯ ಕಾಣೂದಿಲ್ಲ. ಕಡಕೋಳ ಮಡಿವಾಳಪ್ಪನ ಪದ ನಮ್ಮ ಬಾಯಿಗೆ ಬಂದದ್ದೂ ಹಿಂಗ, ಬಾಯಿಂದ ಬಾಯಿಗೆ.

1999ರ ಆಲ್ಬಮಿನಾಗ ಎಲ್ಲವೂ ಮಂದಿಯ ಹಾಡುಗಳೇ. 2006ರಲ್ಲಿ ಸ್ಕಾಟ್ಲೆಂಡಿನ ಇಸೊಬೆಲ್ ಕ್ಯಾಂಬೆಲ್ ಎಂಬ ಹೆಣ್ಣುಮಗಳು ಬಹಳಷ್ಟು ಹಾಡು ತಾನ ಬರೆದು ಇವನ ಜೋಡಿ ಹಾಡಿದಳು. ಆಕೆಯ ದನಿ ಪಿಸುಮಾತಿನಂಥದ್ದು. ಇವನದು ಬಾವಿಯ ತಳದ್ದು. ಎಲ್ಲಿಯೂ ಆಕೆಯ ದನಿಯನ್ನ ಇವ ತುಳಿಯಲಿಲ್ಲ. ಕ್ವೀನ್ಸ್ ಆಫ್ ದ ಸ್ಟೋನ್ ಏಜ್ ಎಂಬ ಮೇಳದಾಗ ಹಿಮ್ಮೇಳದವನಂಗ ನಿಂತು, ತನ್ನ ಸರದಿ ಬಂದಾಗಷ್ಟೇ ಮುಂದ ಬಂದು ಹಾಡಿದ. ಹಿಂದ ಸೊಲ್ಲು ಹಿಡಿಯಾಕ ಬಂದವನಿಗೇ ಮುಂದ ಹಾಡುವ ಹಕ್ಕು ಅಂತ ನಮ್ಮ ಹಿರಿಯರು ಅಂತಿದ್ದರು.

ಚಟದ ಮಾತಿಗೆ ಬರೋಣ. ಹೆರಾಯಿನ್ ಅವನನ್ನ ವರ್ಷಾನುಗಟ್ಟಲೆ ತಿಂದಿತು. ಅದನ್ನ ಅವನೇ 2020ರ ಆತ್ಮಕಥೆಯಲ್ಲಿ ಮುಚ್ಚುಮರೆ ಇಲ್ಲದ ಬರೆದಾನ. 1994ರಲ್ಲಿ ಸಾಯುವ ಸ್ವಲ್ಪ ಮೊದಲು ಕೋಬೇನ್ ಫೋನ್ ಮಾಡಿದಾಗ ತಾನು ಎತ್ತಲಿಲ್ಲ ಅಂತಲೂ ಬರೆದಾನ. ಆ ಪುಸ್ತಕದಾಗ ಚಟಕ್ಕ ಒಂದು ಹೂವನ್ನೂ ಏರಿಸಿಲ್ಲ. ಚಟ ಬಿಟ್ಟ ಮ್ಯಾಲೇ ಸುಗ್ಗಿ ಬಂದದ್ದು: 2012ರಿಂದ 2020ರೊಳಗ ಸ್ವಂತ ಹೆಸರಿನಾಗ ಆರು ಆಲ್ಬಮ್, ಬ್ಯಾರೆಯವರ ಜೋಡಿ ಮಾಡಿದ್ದು ಮತ್ತ ಬ್ಯಾರೆ.

ಇಷ್ಟು ಬೆಳೆದವನ ರಾಶಿಯಾಗ ಹೊಟ್ಟೂ ಇರತೈತಿ. ಯಂತ್ರದ ತಾಳಕ್ಕ ಹಾಡಿದ ಕೆಲವು ಹಾಡುಗಳಲ್ಲಿ ದನಿ ಐತಿ, ಉಸಿರಿಗೆ ಜಾಗ ಇಲ್ಲ. ಸಾವು, ಕತ್ತಲೆ, ದೇವರು ಅಂತ ಅದೇ ಮೂರು ಮಾತಿನ ಸುತ್ತ ಸುತ್ತೂದೂ ಒಮ್ಮೊಮ್ಮೆ ಬ್ಯಾಸರ ತರತೈತಿ. ತೂರಿಕೊಂಡರ ಕಾಳು ಬೇಕಾದಷ್ಟು ಸಿಗತಾವ.

ಕೇಳುವವರು 1999ರ ಆಲ್ಬಮಿನಿಂದ ಸುರು ಮಾಡ್ರಿ. ನಮ್ಮ ಮೇಳದ ಹುಡುಗರೂ ಕೇಳ್ರಿ. ಕೇಳೂ ಮುಂದ ಅವ ಎಲ್ಲಿ ಉಸಿರು ತಗೋತಾನ, ಎಲ್ಲಿ ಬಿಡತಾನ, ಅದಷ್ಟನ್ನ ಹಿಡೀರಿ. ಕಲಿಯೂದು ಅಲ್ಲಿ ಐತಿ.