ಸಂಕಲ್ಪಹಿಂಸೆ ಮತ್ತು ಕಾವ್ಯಕಲ್ಪನೆ: ಜನ್ನನ ಯಶೋಧರಚರಿತೆಯಲ್ಲಿ ಕವಿಯ ಶ್ರದ್ಧೆಯ ಸ್ಥಾನ

ಪಂಪನು ತನ್ನ ಎರಡು ಕೃತಿಗಳಲ್ಲಿ ಒಂದರಿಂದ ಲೌಕಿಕವನ್ನೂ ಮತ್ತೊಂದರಿಂದ ಜಿನಾಗಮವನ್ನೂ ಬೆಳಗುವುದಾಗಿ ಹೇಳಿಕೊಂಡಂದಿನಿಂದ ಕನ್ನಡ ಜೈನಸಾಹಿತ್ಯವನ್ನು ಲೌಕಿಕ-ಆಗಮಿಕ ಎಂದು ಇಬ್ಭಾಗಿಸಿ ನೋಡುವ ಪದ್ಧತಿಯು ರೂಢಿಗೆ ಬಂದಿದೆ. ಕವಿಯು ವಸ್ತುವನ್ನು ಕುರಿತು ಮಾಡಿದ ಈ ವಿಭಾಗವು ಕಾಲಕ್ರಮದಲ್ಲಿ ಮೌಲ್ಯವನ್ನು ಕುರಿತ ವಿಭಾಗವಾಗಿ ಪರಿಣಮಿಸಿತು. ಲೌಕಿಕವೆಂಬುದೇ ಕಾವ್ಯ, ಆಗಮಿಕವೆಂಬುದು ಧರ್ಮೋಪದೇಶ. ಕವಿಯ ಪ್ರತಿಭೆಯು ಅವನ ಶ್ರದ್ಧೆಯಿಂದ ತಪ್ಪಿಸಿಕೊಂಡ ಎಡೆಗಳಲ್ಲಿ ಮಾತ್ರ ಬೆಳಗುತ್ತದೆ ಎಂಬ ಅಭಿಪ್ರಾಯವು ಆಧುನಿಕ ವಿಮರ್ಶೆಯಲ್ಲಿ ಆಗಾಗ ಕೇಳಿಬರುತ್ತದೆ. ಇದಕ್ಕೆ ಪ್ರತಿಯಾಗಿ ಸಂಪ್ರದಾಯದ ಓದು ಕೃತಿಯಿಂದ ನೀತಿಯನ್ನು ಮಾತ್ರ ಹಿಂಡಿಕೊಂಡು ಕಾವ್ಯಾಂಶವನ್ನು ಸಿಪ್ಪೆಯಂತೆ ಬಿಡುವುದೂ ಉಂಟು. ಈ ಎರಡು ದೃಷ್ಟಿಗಳೂ ಒಂದೇ ಗ್ರಹಿಕೆಯಿಂದ ಹೊರಟಿವೆ. ಕವಿಯ ನಂಬಿಕೆಯೂ ಅವನ ಕಲ್ಪನೆಯೂ ಬೇರೆ ಬೇರೆ ಎಂಬುದೇ ಆ ಗ್ರಹಿಕೆ. ಇದು ಎಷ್ಟರಮಟ್ಟಿಗೆ ಸಾಧು ಎಂಬುದನ್ನು ಪರೀಕ್ಷಿಸಲು ಜನ್ನನ ಯಶೋಧರಚರಿತೆಗಿಂತ ತಕ್ಕ ಕೃತಿ ದೊರೆಯುವುದು ವಿರಳ.

ಜನ್ನನು ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆಂಬ ಬಿರುದನ್ನು ಪಡೆದವನು. ತಂದೆ ಸುಮನೋಬಾಣ, ತಾಯಿ ಗಂಗಾದೇವಿ; ಸೂಕ್ತಿಸುಧಾರ್ಣವವನ್ನು ಸಂಕಲಿಸಿದ ಮಲ್ಲಿಕಾರ್ಜುನನೂ ಶಬ್ದಮಣಿದರ್ಪಣದ ಕರ್ತೃವಾದ ಕೇಶಿರಾಜನೂ ಇವನ ಬಂಧುವರ್ಗದವರು. ಅನಂತನಾಥನ ಬಸದಿಯನ್ನು ಕಟ್ಟಿಸಿದುದು, ದೋರಸಮುದ್ರದ ಪಾರ್ಶ್ವಜಿನಾಲಯಕ್ಕೆ ದ್ವಾರವನ್ನು ಮಾಡಿಸಿದುದು ಇವನ ಧರ್ಮಕಾರ್ಯಗಳೆಂದು ಕವಿಚರಿತೆಯು ತಿಳಿಸುತ್ತದೆ. ಯಶೋಧರಚರಿತೆಯು ಕ್ರಿ.ಶ. 1209ರಲ್ಲಿಯೂ ಅನಂತನಾಥಪುರಾಣವು 1230ರಲ್ಲಿಯೂ ರಚಿತವಾದುವು. ಮೊದಲನೆಯದಕ್ಕೆ ವಾದಿರಾಜನ ಸಂಸ್ಕೃತ ಯಶೋಧರಚರಿತವು ಆಕರ. ಸೋಮದೇವಸೂರಿಯು 959ರಲ್ಲಿ ಯಶಸ್ತಿಲಕಚಂಪುವಾಗಿ ವಿಸ್ತರಿಸಿದ, ಪುಷ್ಪದಂತನು ಅಪಭ್ರಂಶದಲ್ಲಿ ಹೇಳಿದ ಕಥೆಯೇ ಇಲ್ಲಿಯ ವಸ್ತು. ಆದುದರಿಂದ ಕಥೆಯ ಹಂದರದಲ್ಲಿ ಜನ್ನನ ಸ್ವಂತಿಕೆಯನ್ನು ಹುಡುಕುವುದು ವ್ಯರ್ಥ. ಚಂಪುವಿನ ವೈಭವವನ್ನು ತೊರೆದು ಬಹುಮಟ್ಟಿಗೆ ಕಂದಪದ್ಯಗಳಲ್ಲಿಯೇ, ನಾಲ್ಕು ಅವತಾರಗಳ ಕಿರಿದಾದ ಅಳತೆಯಲ್ಲಿ, ಆ ಕಥೆಯನ್ನು ಹಿಡಿದಿಟ್ಟ ಬಗೆಯಲ್ಲಿ ಅವನ ಸ್ವಂತಿಕೆಯಿದೆ. ಜೀವದಯಾಷ್ಟಮಿಯ ನೋಂಪಿಯೊಡನೆ ಸಂಬಂಧವುಳ್ಳ ಕಥೆಗೆ ಈ ಮಿತವ್ಯಯವು ಒಪ್ಪುವಂತಹುದು.

ಕಥೆಯ ಕೇಂದ್ರದಲ್ಲಿರುವುದು ಒಂದು ಹಿಟ್ಟಿನ ಕೋಳಿ. ಉಜ್ಜಯಿನಿಯ ಯಶೋಧರನು ತನ್ನ ರಾಣಿ ಅಮೃತಮತಿಯು ಅಷ್ಟಾವಂಕನೆಂಬ ವಿಕಾರರೂಪಿನ ಮಾವತನಿಗೆ ಒಲಿದುದನ್ನು ಕಣ್ಣಾರೆ ಕಾಣುತ್ತಾನೆ. ಕಂಡುದನ್ನು ತಾಯಿಯಾದ ಚಂದ್ರಮತಿಗೆ ನೇರವಾಗಿ ಹೇಳಲಾರದೆ ಕನಸೆಂಬ ನೆವದಲ್ಲಿ ಮರೆಮಾಡಿ ಹೇಳುತ್ತಾನೆ. ತಾಯಿಯು ಅದನ್ನು ದುಃಸ್ವಪ್ನವೆಂದೇ ನಂಬಿ ಶಾಂತಿಗಾಗಿ ದೇವಿಗೆ ಜೀವಬಲಿಯನ್ನು ಕೊಡಬೇಕೆನ್ನುತ್ತಾಳೆ. ಮಗನು ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತನ್ನು ಮೀರಲಾರದೆ ಹಿಟ್ಟಿನ ಕೋಳಿಯನ್ನು ಬಲಿಗೊಡಲು ಸಮ್ಮತಿಸುತ್ತಾನೆ. ಆ ಕೋಳಿಯೊಳಗೆ ಬೆಂತರವೊಂದು ಸೇರಿಕೊಂಡಿರುತ್ತದೆ. ಕತ್ತಿಯ ಪೆಟ್ಟಿಗೆ ಹಿಟ್ಟು ಕೂಗುತ್ತದೆ. ಆ ಕೂಗಿನೊಡನೆಯೇ ರಾಜನ ಮನಸ್ಸಿನ ಸಮಾಧಾನವು ಒಡೆಯುತ್ತದೆ. ಮುಂದೆ ರಾಣಿಯಿತ್ತ ವಿಷದಿಂದ ತಾಯಿಯೂ ಮಗನೂ ಸತ್ತು ನವಿಲು, ನಾಯಿ ಮೊದಲಾದ ಪ್ರಾಣಿಜನ್ಮಗಳಲ್ಲಿ ತೊಳಲಿ, ಕಟ್ಟಕಡೆಗೆ ಕೋಳಿಗಳಾಗಿಯೇ ಹುಟ್ಟುತ್ತಾರೆ. ಮುನಿಯ ಧರ್ಮೋಪದೇಶವನ್ನು ಕೇಳಿ ಪೂರ್ವಸ್ಮರಣೆಯನ್ನು ಪಡೆದು ಕೂಗಿದ ಆ ಕೋಳಿಗಳು ಶಬ್ದವೇಧಿಯಾದ ಯಶೋಮತಿಯ ಬಾಣಕ್ಕೆ ತುತ್ತಾಗುತ್ತವೆ. ಯಶೋಮತಿಯು ಯಶೋಧರನ ಮಗ. ಹಿಟ್ಟಿನ ಕೋಳಿಯ ಕೂಗಿನಿಂದ ಮೊದಲಾದ ಋಣವು ನಿಜವಾದ ಕೋಳಿಯ ಕೂಗಿನಲ್ಲಿ ತೀರುತ್ತದೆ.

ಇಲ್ಲಿ ಜೀವವಿಲ್ಲದ ಹಿಟ್ಟನ್ನು ಕೊಯ್ದುದಕ್ಕೆ ಇಷ್ಟು ದೀರ್ಘವಾದ ದಂಡನೆಯೇ ಎಂಬ ಆಕ್ಷೇಪವು ಸಹಜ. ಶ್ರದ್ಧೆಯು ಕಾವ್ಯನ್ಯಾಯವನ್ನು ಕೆಡಿಸಿತೆಂದು ಹೇಳುವವರ ಮುಖ್ಯ ಆಧಾರವೂ ಇದೇ. ಆದರೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯನ್ನು ಲಕ್ಷಿಸುವಾಗ ಪ್ರಾಣಹರಣಕ್ಕೆ ಮೊದಲು ಪ್ರಮತ್ತಯೋಗವನ್ನು ಹೇಳುತ್ತದೆಂಬುದನ್ನು ಮರೆಯಬಾರದು. ಅಮೃತಚಂದ್ರಸೂರಿಯ ಪುರುಷಾರ್ಥಸಿದ್ಧ್ಯುಪಾಯವು ಇದನ್ನೇ ವಿವರಿಸಿ, ರಾಗಾದಿಗಳ ಹುಟ್ಟೇ ಹಿಂಸೆಯೆಂದು ನಿರ್ಣಯಿಸುತ್ತದೆ. ಬಾಹ್ಯದಲ್ಲಿ ಪ್ರಾಣಿವಧೆಯಾಗದಿದ್ದರೂ ಭಾವದಲ್ಲಿ ಅದು ಆಗಿರಬಹುದು. ಎಚ್ಚರದಿಂದ ನಡೆಯುವ ಮುನಿಯ ಕಾಲಡಿಯಲ್ಲಿ ಕ್ರಿಮಿಯೊಂದು ಸತ್ತರೂ ಭಾವದಲ್ಲಿ ಆಗದಿರಬಹುದು. ಈ ಸಿದ್ಧಾಂತವನ್ನು ಬಿಟ್ಟುಬಿಟ್ಟರೆ ಹಿಟ್ಟಿನ ಕೋಳಿಯು ಒಂದು ವಿಚಿತ್ರ ಪ್ರಸಂಗವಾಗಿ ಉಳಿಯುತ್ತದೆ. ಇಟ್ಟುಕೊಂಡರೆ ಇಡೀ ಕಥೆಯು ಒಂದೇ ಪ್ರಶ್ನೆಯ ಸುತ್ತ ಹೆಣೆದುಕೊಳ್ಳುತ್ತದೆ. ಕಲ್ಪಿತವಾದುದು ನಿಜಕ್ಕಿಂತ ಹಗುರವೇ ಎಂಬುದೇ ಆ ಪ್ರಶ್ನೆ.

ಈ ದೃಷ್ಟಿಯಿಂದ ನೋಡಿದಾಗ ಯಶೋಧರನು ಕಟ್ಟಿದ ಕನಸಿಗೂ ಹೊಸ ಅರ್ಥವು ಬರುತ್ತದೆ. ಅದು ನಡೆದ ಸಂಗತಿಯ ಮೇಲೆ ಹೊದಿಸಿದ ಕಲ್ಪನೆ. ಆದರೆ ಅದರಿಂದ ಹುಟ್ಟಿದ ಫಲವು ಕಲ್ಪನೆಯಲ್ಲ. ಕಲ್ಪಿತವಾದ ಕನಸು ಕೃತಕವಾದ ಕೋಳಿಯನ್ನು ಹುಟ್ಟಿಸಿತು. ಕೃತಕವಾದ ಕೋಳಿ ನಿಜವಾದ ಬಂಧವನ್ನು ತಂದಿತು. ಅನಂತನಾಥಪುರಾಣದ ಚಂಡಶಾಸನನ ವೃತ್ತಾಂತವನ್ನು ಇದರ ಪಕ್ಕದಲ್ಲಿಟ್ಟರೆ ಈ ಮಾತು ದೃಢವಾಗುತ್ತದೆ. ಗೆಳೆಯನಾದ ವಸುಷೇಣನ ಮಡದಿ ಸುನಂದೆಯನ್ನು ಅಪಹರಿಸಿದ ಚಂಡಶಾಸನನು ಅವಳನ್ನು ಒಲಿಸಲಾರದೆ ವಸುಷೇಣನ ಮಾಯಾಶಿರವನ್ನು ತೋರಿಸುತ್ತಾನೆ. ಅದನ್ನು ಕಂಡು ಅವಳು ಎದೆಯೊಡೆದು ಸಾಯುತ್ತಾಳೆ. ಅವನೂ ಅವಳೊಡನೆ ಚಿತೆಯನ್ನೇರುತ್ತಾನೆ. ತಲೆ ಕೃತಕ, ಸಾವು ನಿಜ. ಇಪ್ಪತ್ತೊಂದು ವರ್ಷಗಳ ಅಂತರದ ಎರಡು ಕೃತಿಗಳಲ್ಲಿ ಕೃತಕವಸ್ತುವೊಂದು ನಿಜವಾದ ದುರಂತವನ್ನು ತರುವ ಸಂದರ್ಭಗಳೇ ಜನ್ನನ ಪ್ರತಿಭೆಯು ಪೂರ್ಣವಾಗಿ ಎಚ್ಚೆತ್ತ ಸಂದರ್ಭಗಳಾಗಿರುವುದನ್ನು ಕೇವಲ ಆಕಸ್ಮಿಕವೆನ್ನಲಾಗದು. ಭಾವವೇ ಬಂಧಕ್ಕೆ ಕಾರಣವೆಂದು ನಂಬಿದ ಕವಿಗೆ ಮನುಷ್ಯನು ಮನಸ್ಸಿನಿಂದ ಕಲ್ಪಿಸಿ ಕೈಯಿಂದ ಮಾಡಿದ ಪ್ರತಿಕೃತಿಯು ಎಂದಿಗೂ ನಿರಪಾಯವಲ್ಲ. ಕಾವ್ಯವೂ ಅಂತಹ ಪ್ರತಿಕೃತಿಯೇ.

ಹಾಗಾದರೆ ಕಾವ್ಯವು ಬಂಧಕಾರಣವೇ ಎಂಬ ಶಂಕೆ ಏಳುತ್ತದೆ. ಇದಕ್ಕೆ ಉತ್ತರವು ಕಥೆಯ ಚೌಕಟ್ಟಿನಲ್ಲಿಯೇ ಇದೆ. ಮಾರಿದತ್ತನು ಚಂಡಮಾರಿಗೆ ಬಲಿಗೊಡಲು ತರಿಸಿದ ಅಭಯರುಚಿ-ಅಭಯಮತಿಯರೇ ಹಿಂದಿನ ಯಶೋಧರ-ಚಂದ್ರಮತಿಯರು. ಕತ್ತಿಯೆತ್ತಿದ ರಾಜನ ಮುಂದೆ ಅವರು ಕಥೆಯನ್ನು ಹೇಳುತ್ತಾರೆ. ಕಥೆಯು ಮುಗಿಯುವಷ್ಟರಲ್ಲಿ ಹಿಂಸಾಸಂಕಲ್ಪವು ಅಳಿದು ರಾಜನು ದೀಕ್ಷೆಗೆ ಅಣಿಯಾಗುತ್ತಾನೆ. ಕನಸಿನ ಕಥೆಯು ಬಲಿಯನ್ನು ತಂದರೆ ಭವಾವಳಿಯ ಕಥೆಯು ಬಲಿಯನ್ನು ತಪ್ಪಿಸುತ್ತದೆ. ಮೊದಲನೆಯದು ಸತ್ಯವನ್ನು ಮುಚ್ಚಲು ಹೇಳಿದುದು, ಎರಡನೆಯದು ತನ್ನ ದೋಷವನ್ನು ತಾನೇ ಬಿಚ್ಚಿ ಹೇಳಿದುದು. ಮಾತಿನ ಹೊಣೆಯನ್ನು ಕುರಿತು ಕವಿಯು ಬೇರೆ ಲಕ್ಷಣಗ್ರಂಥವನ್ನು ಬರೆಯಬೇಕಾಗಿರಲಿಲ್ಲ. ಜನ್ಮಜನ್ಮಗಳನ್ನು ವ್ಯಾಪಿಸಿದ ಒಂದೇ ‘ನಾನು’ ಕಥೆಯನ್ನು ಹೇಳುವ ಈ ನಿರೂಪಣಾಕ್ರಮವೂ ಕರ್ಮಸಿದ್ಧಾಂತದ ಮೇಲಣ ನಂಬಿಕೆಯಿಲ್ಲದೆ ಸಾಧ್ಯವಾಗುತ್ತಿರಲಿಲ್ಲ. ಕೊಂದವನೇ ಕೊಲೆಗೊಳಗಾದವನಾಗಿ, ತಾಯಿಯು ತಂಗಿಯಾಗಿ, ಅಜ್ಜನು ಮೊಮ್ಮಗನಾಗಿ ಬರುವ ಕಥೆಯಲ್ಲಿ ಅನ್ಯನೆಂಬವನೇ ಇಲ್ಲ. ಅಹಿಂಸೆಯ ತಿರುಳನ್ನು ಉಪದೇಶದ ಪದ್ಯಗಳಿಗಿಂತ ಈ ರಚನೆಯೇ ಹೆಚ್ಚು ಗಾಢವಾಗಿ ಮನಗಾಣಿಸುತ್ತದೆ.

ಅಮೃತಮತಿಯ ಪಾತ್ರವನ್ನು ಕುರಿತು ಹೇಳುವುದಾದರೆ, ಕವಿಯು ತನ್ನ ಧರ್ಮವನ್ನು ಮರೆತು ಇವಳಿಗೆ ಮರುಕ ತೋರಿದನೆಂಬುದು ಕೆಲವರ ಮತ. ಇವಳು ಕೇವಲ ದುಶ್ಶೀಲೆಯೆಂಬುದು ಮತ್ತೆ ಕೆಲವರ ಮತ. ಇರುಳಿನಲ್ಲಿ ಕೇಳಿಬಂದ ಗಾನಕ್ಕೆ ಮನಸೋತ ಅವಳು, ಹಾಡಿದವನ ರೂಪದ ವಿಕಾರವನ್ನು ಕೇಳಿದ ಮೇಲೂ ಹಿಂದೆ ಸರಿಯದಿರುವುದನ್ನು ಜನ್ನನು ಅಪಹಾಸ್ಯ ಮಾಡುವುದಿಲ್ಲ, ಸಮರ್ಥಿಸುವುದೂ ಇಲ್ಲ. ಮೋಹನೀಯಕರ್ಮದ ಉದಯವು ರೂಪ, ಕುಲ, ಪದವಿಗಳ ಲೆಕ್ಕವನ್ನಿಡುವುದಿಲ್ಲವೆಂಬುದು ಸಿದ್ಧಾಂತ. ಅದನ್ನು ನಿಜವೆಂದು ನಂಬಿದವನಿಗೆ ಮಾತ್ರ ಈ ಒಲವಿನ ಸೆಳೆತವನ್ನು ಅಷ್ಟು ಗಂಭೀರವಾಗಿ ಚಿತ್ರಿಸಲು ಸಾಧ್ಯ. ಇಲ್ಲಿಯ ಮನೋವಿಜ್ಞಾನವು ಶ್ರದ್ಧೆಯ ಕಣ್ತಪ್ಪಿಸಿ ಬಂದುದಲ್ಲ, ಶ್ರದ್ಧೆಯಿಂದಲೇ ಬಂದುದು.

ಆದರೂ ಕೃತಿಯಲ್ಲಿ ಒಂದು ಕೊರತೆಯು ಉಳಿದಿದೆ. ವಿಷಪ್ರಯೋಗದ ತರುವಾಯ ಅಮೃತಮತಿಯ ಅಂತರಂಗಕ್ಕೆ ಕವಿಯು ಮತ್ತೆ ಪ್ರವೇಶಿಸುವುದಿಲ್ಲ. ರೋಗ, ಮರಣ, ನರಕಗಳ ನಿರೂಪಣೆಯೊಡನೆ ಅವಳ ಕಥೆಯು ಮುಗಿದುಹೋಗುತ್ತದೆ. ಯಶೋಧರ-ಚಂದ್ರಮತಿಯರಿಗೂ ಮಾರಿದತ್ತನಿಗೂ ದೊರೆತ ಮುಂದಿನ ದಾರಿಯು ಅವಳಿಗೆ ಕಾಣಿಸುವುದಿಲ್ಲ. ಇದನ್ನು ಧರ್ಮದ ಕಟ್ಟು ಎನ್ನುವಂತಿಲ್ಲ. ಏಕೆಂದರೆ ನರಕಾಯುಷ್ಯಕ್ಕೂ ಅವಧಿಯುಂಟೆಂಬುದು ಆಗಮದ ಮಾತು, ನರಕಗತನಾದ ಶ್ರೇಣಿಕನೇ ಮುಂದಿನ ಉತ್ಸರ್ಪಿಣಿಯ ಮೊದಲ ತೀರ್ಥಂಕರನಾಗುವನೆಂಬುದು ಪುರಾಣಪ್ರಸಿದ್ಧ. ಸಿದ್ಧಾಂತವು ತೆರೆದಿಟ್ಟ ಬಾಗಿಲನ್ನು ಇಲ್ಲಿ ಕವಿಯು ಬಳಸಲಿಲ್ಲ. ಕಾವ್ಯವು ಸೊರಗಿದುದು ಶ್ರದ್ಧೆಯು ಹೆಚ್ಚಾದುದರಿಂದಲ್ಲ, ಅದು ಈ ಒಂದು ಪಾತ್ರದವರೆಗೆ ಚಾಚದಿದ್ದುದರಿಂದ ಎಂಬುದೇ ಯುಕ್ತ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ (1980) ನಾಟಕದಲ್ಲಿ ರಾಣಿಯನ್ನು ಮತ್ತೆ ನಡುವೆ ತಂದು ನಿಲ್ಲಿಸಿದುದು ಈ ಕೊರತೆಯ ಅರಿವಿನಿಂದಲೇ ಇರಬಹುದು. ಬೇರೆ ಕಾಲದ, ಬೇರೆ ನಂಬಿಕೆಯ ಲೇಖಕನಿಗೂ ಸಂಕಲ್ಪಹಿಂಸೆಯ ಪ್ರಶ್ನೆಯನ್ನು ಬಿಟ್ಟು ಈ ಕಥೆಯನ್ನು ಹೇಳಲಾಗಲಿಲ್ಲವೆಂಬುದು ಗಮನಾರ್ಹ.

ಈ ವಿವೇಚನೆಯಿಂದ ಹಸ್ತಪ್ರತಿಶಾಸ್ತ್ರಕ್ಕೂ ಒಂದು ಕರ್ತವ್ಯವು ಒದಗುತ್ತದೆ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಬರೆಯಿಸಿದುದು ಶಾಸ್ತ್ರದಾನವೆಂಬ ಶ್ರದ್ಧೆಯಿಂದ. ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ಹನ್ನೆರಡನೆಯ ಶತಮಾನದ ಓಲೆಗಳ ಮೇಲೆ ತೀರ್ಥಂಕರರನ್ನೂ ಯಕ್ಷಯಕ್ಷಿಯರನ್ನೂ ಚಿತ್ರಿಸಿದ ಕುಂಚದ ಹಿಂದಿದ್ದುದೂ ಅದೇ ಶ್ರದ್ಧೆ. ಕವಿ, ಲಿಪಿಕಾರ, ಚಿತ್ರಕಾರ, ದಾನಿ, ಪಾರಣೆಯ ದಿನ ಓದಿಸಿ ಕೇಳುವ ಶ್ರಾವಕ ಇವರೆಲ್ಲರೂ ಒಂದೇ ಭಾವಪರಂಪರೆಯಲ್ಲಿ ನಿಂತವರು. ಹೀಗಿರಲು ಅಮೃತಮತಿಯ ಪ್ರಸಂಗವನ್ನಷ್ಟೇ ಆಯ್ದುಕೊಂಡು ಕೊನೆಯ ಅವತಾರವನ್ನು ಅನುಬಂಧದಂತೆ ಕಾಣುವ ಸಂಕಲನಕ್ರಮವೂ, ಓಲೆಯ ಕೊನೆಯಲ್ಲಿರುವ ನೋಂಪಿಯ ಉಲ್ಲೇಖ, ಬರೆಯಿಸಿದವರ ಸಂಕಲ್ಪವಾಕ್ಯ, ಫಲಶ್ರುತಿಗಳನ್ನು ಗ್ರಂಥಬಾಹ್ಯವೆಂದು ಕೈಬಿಡುವ ಸೂಚೀಕ್ರಮವೂ ಸಮಾನವಾಗಿ ಅಪೂರ್ಣ. ಆ ವಾಕ್ಯಗಳು ಕೃತಿಯು ಯಾವ ಭಾವದಿಂದ ಹುಟ್ಟಿ ಯಾವ ಭಾವದಿಂದ ಉಳಿದುಬಂದಿತೆಂಬುದಕ್ಕೆ ಸಾಕ್ಷಿಗಳು. ಭಾವಕ್ಕೇ ಪ್ರಾಧಾನ್ಯವಿತ್ತ ಕಾವ್ಯವನ್ನು ಸಂಪಾದಿಸುವವರು ಆ ಸಾಕ್ಷಿಗಳನ್ನು ಅಕ್ಷರಕ್ಷರವಾಗಿ ದಾಖಲಿಸುವುದು ಪಾಠಶುದ್ಧಿಯಷ್ಟೇ ಅವಶ್ಯಕವಾದ ಕಾರ್ಯ.