ವಹಿವಾಟು ನೋಡಿ ವಿಷ ಒಪ್ಪಿಸಬೇಡಿ

ಅಪಾಯಕಾರಿ ತ್ಯಾಜ್ಯ ತೆರವಿನ ಸರ್ಕಾರಿ ಕೆಲಸ ಎಲ್ಲೇ ಹಾಳಾಗಲಿ, ಕೇಳಿಬರುವ ಮಾತು ಒಂದೇ. ಕಡಿಮೆ ದರ ಹಾಕಿದ ಸಣ್ಣಪುಟ್ಟ ಗುತ್ತಿಗೆದಾರರಿಗೆ ಕೊಟ್ಟಿದ್ದೇ ತಪ್ಪು. ಪೂರ್ವಾರ್ಹತೆ ಬಿಗಿ ಮಾಡಿ, ದೊಡ್ಡ ಕಂಪನಿಗಳು ಮಾತ್ರ ಬರಲಿ ಎಂದು. ಅಧಿಕಾರಿಗಳೂ ಇದನ್ನೇ ಹೇಳುತ್ತಾರೆ, ಪರಿಸರದ ಬಗ್ಗೆ ನಿಜವಾದ ಕಾಳಜಿಯಿರುವವರೂ ಹೇಳುತ್ತಾರೆ. ಟೆಂಡರಿಗೆ ಮೊದಲೇ ಜರಡಿ ಹಿಡಿಯಬೇಕು ಎನ್ನುವುದಕ್ಕೆ ನನ್ನ ತಕರಾರಿಲ್ಲ. ಆದರೆ ಈಗ ಹಿಡಿಯುತ್ತಿರುವ ಜರಡಿ ಈ ಕೆಲಸದ್ದೇ ಅಲ್ಲ.

ಸರ್ಕಾರಿ ಖರೀದಿ, ಕಾಮಗಾರಿಗಳಿಗೆ ರಾಜ್ಯ ಮಾಡಿದ 1999ರ ಪಾರದರ್ಶಕತೆ ಕಾಯ್ದೆಯಡಿ ದೊಡ್ಡ ಕಾಮಗಾರಿಗಳಿಗೆ ಬಳಸುವ ಕೆಡಬ್ಲ್ಯು-4 ಟೆಂಡರ್ ದಸ್ತಾವೇಜನ್ನು ತೆರೆದು ನೋಡಿ. ಕಳೆದ ಐದು ವರ್ಷಗಳ ವಹಿವಾಟು, ಅದೇ ಬಗೆಯ ಕೆಲಸ ಮುಗಿಸಿದ ಪ್ರಮಾಣಪತ್ರ, ಯಂತ್ರಗಳ ಪಟ್ಟಿ. ಜೊತೆಗೆ ಒಂದು ಸೂತ್ರ: ಎ × ಎನ್ × 1.5 − ಬಿ. ಎ ಎಂದರೆ ಒಂದು ವರ್ಷದಲ್ಲಿ ಮಾಡಿದ ಅತಿ ಹೆಚ್ಚು ಮೊತ್ತದ ಕೆಲಸ, ಎನ್ ಎಂದರೆ ಕಾಮಗಾರಿಯ ಅವಧಿ, ಬಿ ಎಂದರೆ ಈಗಾಗಲೇ ಕೈಯಲ್ಲಿರುವ ಕೆಲಸದ ಮೊತ್ತ. ರಸ್ತೆ, ಸೇತುವೆ, ಕಟ್ಟಡಕ್ಕೆ ಇದು ಸರಿಯಾದ ಲೆಕ್ಕ. ಕ್ರೋಮಿಯಂ ಕೂತ ಮಣ್ಣನ್ನು ಒಬ್ಬ ಗುತ್ತಿಗೆದಾರ ಹೇಗೆ ಎತ್ತುತ್ತಾನೆ, ಎಲ್ಲಿಗೆ ಸಾಗಿಸುತ್ತಾನೆ ಎನ್ನುವುದಕ್ಕೆ ಇದರಲ್ಲಿ ಉತ್ತರವಿಲ್ಲ.

ನಮ್ಮ ಜಿಲ್ಲೆಯದೇ ಉದಾಹರಣೆ ಬಿಡದಿ ಬಳಿಯ ಬೈರಮಂಗಲ ಕೆರೆ. ವೃಷಭಾವತಿ ಬೆಂಗಳೂರಿನ ಕೊಳಚೆಯನ್ನೂ ಕಾರ್ಖಾನೆಗಳ ನೀರನ್ನೂ ದಶಕಗಳಿಂದ ಅಲ್ಲಿಗೆ ತಂದು ಸುರಿದಿದೆ. ನಾಳೆ ಅದರ ಹೂಳೆತ್ತಲು ಟೆಂಡರ್ ಕರೆದರೆ, ಈ ಸೂತ್ರದ ಪ್ರಕಾರ ರಸ್ತೆ ಮಾಡಿ ದೊಡ್ಡವನಾದ ಗುತ್ತಿಗೆದಾರ ಸುಲಭವಾಗಿ ಪಾಸಾಗುತ್ತಾನೆ. ಹೂಳು ಹೊರುವವನು ಮಾತ್ರ ಅವನಲ್ಲ. ಟ್ರಿಪ್ಪಿಗಿಷ್ಟು ಎಂದು ಮಾತಾಡಿಕೊಂಡ ಟಿಪ್ಪರ್‌ನವನು. ಬೇಸಿಗೆಯಲ್ಲಿ ಹೊಲಕ್ಕೆ ಕೆರೆಗೋಡು ಹೊಡೆಸುವುದು ನಮ್ಮ ಕಡೆ ಹಳೆಯ ಪದ್ಧತಿ. ಕೇಳಿದವರ ಹೊಲಕ್ಕೆ ಒಂದು ಲೋಡು ಸುರಿದರೆ ಡೀಸೆಲ್ಲೂ ಉಳಿಯುತ್ತದೆ, ಕಾಸೂ ಸಿಗುತ್ತದೆ.

ನಮ್ಮದೇ ಜಿಲ್ಲೆಯ ವಿರೂಪಾಕ್ಷಿಪುರದ ಕಡೆಯ ರೇಷ್ಮೆ ಬೆಳೆಗಾರರಿಗೆ ಕೆಟ್ಟ ಸೊಪ್ಪಿನ ಭಯ ಹೇಳಿಕೊಡಬೇಕಿಲ್ಲ. ಪಕ್ಕದ ತೋಟದವರು ಔಷಧಿ ಹೊಡೆದರೆಂದು ಗೊತ್ತಾದರೆ ಆ ಬದಿಯ ಸೊಪ್ಪು ಕೊಯ್ಯುವುದಿಲ್ಲ. ನಾಲ್ಕನೇ ಜ್ವರ ಎದ್ದ ಹುಳುವಿಗೆ ಅಂಥ ಸೊಪ್ಪು ಬಿದ್ದರೆ ಚಂದ್ರಿಕೆಗೆ ಬಿಡುವ ಮೊದಲೇ ಬೆಳೆ ಕೈತಪ್ಪುತ್ತದೆ. ಔಷಧಿಯಾದರೆ ಹೀಗೆ ಹುಳುವಿನಲ್ಲೇ ಗೊತ್ತಾಗಿಬಿಡುತ್ತದೆ. ಹೂಳಿನ ಜೊತೆ ಬರುವ ಸೀಸ, ಕ್ಯಾಡ್ಮಿಯಂ ಹಾಗಲ್ಲ, ಕಣ್ಣಿಗೆ ಕಾಣದೆ ವರ್ಷಾನುಗಟ್ಟಲೆ ಮಣ್ಣಿನಲ್ಲೇ ಕೂರುತ್ತವೆ. ಅದಕ್ಕೇ ಲೋಡು ಎಲ್ಲಿಗೆ ಹೋಯಿತು ಎನ್ನುವ ಲೆಕ್ಕ ಎಲ್ಲಕ್ಕಿಂತ ಮುಖ್ಯ.

ಆ ಲೆಕ್ಕಕ್ಕೆ ಕಾನೂನು ಆಗಲೇ ದಾರಿ ಮಾಡಿದೆ. ಪರೀಕ್ಷೆಯಲ್ಲಿ ಮಿತಿ ದಾಟಿ ಅಪಾಯಕಾರಿ ಎನಿಸಿಕೊಂಡ ತ್ಯಾಜ್ಯದ ಪ್ರತಿ ಸಾಗಣೆಗೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಫಾರಂ 10ರ ಮ್ಯಾನಿಫೆಸ್ಟ್, ಅಂದರೆ ಸಾಗಣೆ ಚೀಟಿ, ಬೇಕು. ಏಳು ಪ್ರತಿ, ಒಂದೊಂದಕ್ಕೂ ಒಂದೊಂದು ಬಣ್ಣ. ಬಿಳಿ ಪ್ರತಿಯನ್ನು ಕಳುಹಿಸುವವನು ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡುತ್ತಾನೆ, ಹಸಿರು ಪ್ರತಿಯನ್ನು ಪಡೆದವನು ಕೊಡುತ್ತಾನೆ. ಎರಡರಲ್ಲಿರುವ ತೂಕ ತಾಳೆಯಾಗುತ್ತದೆಯೇ? ಹಿಂದಿನ ಕೆಲಸಗಳ ಮ್ಯಾನಿಫೆಸ್ಟ್ ತಂದು ತೋರಿಸು ಎಂದು ಬಿಡ್‌ಗೆ ಮೊದಲೇ ಕೇಳಿದರೆ ಯಾರು ಏನೆಂಬುದು ಅರ್ಧ ಗೊತ್ತಾಗುತ್ತದೆ. ಈ ಕಾಗದ ತೋರಿಸಲು ಸಣ್ಣ ಸಂಸ್ಥೆಗೂ ಕಷ್ಟವಿಲ್ಲ, ದೊಡ್ಡದಕ್ಕೂ ವಿನಾಯಿತಿ ಬೇಕಿಲ್ಲ.

ಭೋಪಾಲದ ಕಥೆ ನೋಡಿ. ಯೂನಿಯನ್ ಕಾರ್ಬೈಡ್ ಆವರಣದ 337 ಟನ್ ತ್ಯಾಜ್ಯ 2025ರ ಜನವರಿಯಲ್ಲಿ 12 ಕಂಟೇನರ್‌ಗಳಲ್ಲಿ ಸುಡಲೆಂದು ಪೀಥಂಪುರಕ್ಕೆ ಹೋಯಿತು. ವೆಚ್ಚ 126 ಕೋಟಿ ರೂಪಾಯಿ. ವಹಿಸಿಕೊಂಡ ಕಂಪನಿ ಸಣ್ಣದಲ್ಲ. ಆದರೂ ಪೀಥಂಪುರದ ಜನ ಬೀದಿಗಿಳಿದರು. ಕಡೆಗೆ ಪ್ರಕರಣ ಮುಂದೆ ಸಾಗಿದ್ದು ಹೈಕೋರ್ಟ್ ಮುಂದಿಟ್ಟ ಪರೀಕ್ಷಾ ದಹನಗಳಿಂದ: ಹತ್ತತ್ತು ಟನ್, ಗಂಟೆಗೆ ಮೊದಲು 135, ಆಮೇಲೆ 180, ಆಮೇಲೆ 270 ಕಿಲೋ. ಹೊಗೆಯಲ್ಲಿ ಏನಿದೆ ಎಂದು ಅಳೆದ ಮೇಲಷ್ಟೇ ಉಳಿದದ್ದನ್ನು ಸುಟ್ಟರು. ಕಂಪನಿಯ ಬ್ಯಾಲೆನ್ಸ್ ಶೀಟಿನಿಂದ ಆ ಉತ್ತರ ಸಿಗುತ್ತಿರಲಿಲ್ಲ.

ಸಣ್ಣವನು ಅರ್ಧಕ್ಕೆ ಕೈಬಿಟ್ಟರೆ ಗತಿಯೇನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಬ್ಯಾಂಕ್ ಗ್ಯಾರಂಟಿ ಇದೆ, ತಡೆಹಿಡಿಯುವ ಬಿಲ್ ಇದೆ. ಕೆಲಸ ಮುಗಿದು ಎರಡು ಮಳೆಗಾಲ ಕಳೆದ ಮೇಲೆ ಕೊಳವೆಬಾವಿಯ ನೀರು ಪರೀಕ್ಷಿಸಿ ಆ ಹಣ ಬಿಡಿ. ವಹಿವಾಟಿನ ಮಿತಿ ಏರಿಸಿದರೆ ಆಗುವುದೇ ಬೇರೆ: ಕಣದಲ್ಲಿ ಇಬ್ಬರು ಮೂವರು ಉಳಿಯುತ್ತಾರೆ, ಕೆಲಸ ಉಪಗುತ್ತಿಗೆಯಲ್ಲಿ ಮತ್ತೆ ಅದೇ ಟಿಪ್ಪರ್‌ನವನ ಕೈ ಸೇರುತ್ತದೆ. ಟೆಂಡರ್ ಷರತ್ತುಗಳನ್ನೇ ಅನುಮಾನದಿಂದ ನೋಡಬೇಕಾದ ಸ್ಥಿತಿ ನಮ್ಮಲ್ಲಿದೆ. 2022ರಲ್ಲಿ ರಾಜ್ಯ ಸರ್ಕಾರವೇ 50 ಕೋಟಿ ಮೀರಿದ ಟೆಂಡರ್‌ಗಳ ಪೂರ್ವಪರಿಶೀಲನೆಗೆ ನಿವೃತ್ತ ನ್ಯಾಯಮೂರ್ತಿಗಳ ನೇತೃತ್ವದ ಸಮಿತಿ ಮಾಡಬೇಕಾಯಿತು.

ಇನ್ನು ಹೂಳಿಗೆ ಇಳಿಯುವ ಕೂಲಿಯವನು. ಅಮೆರಿಕದಲ್ಲಿ ಇಂಥ ಜಾಗದಲ್ಲಿ ದಿನನಿತ್ಯ ಕೆಲಸ ಮಾಡುವವನಿಗೆ ಮೊದಲು 40 ಗಂಟೆ ತರಬೇತಿ, ಮೇಲೆ ಮೂರು ದಿನ ಮೇಲ್ವಿಚಾರಣೆಯಲ್ಲಿ ಕೆಲಸ ಕಡ್ಡಾಯ. ಕೆಡಬ್ಲ್ಯು-4ರ ಅರ್ಹತಾ ಲೆಕ್ಕದಲ್ಲಿ ಜೆಸಿಬಿ ಎಷ್ಟಿವೆ ಎಂಬುದಕ್ಕೆ ಜಾಗವಿದೆ, ಮುಖಕ್ಕೆ ಟವೆಲ್ ಸುತ್ತಿಕೊಂಡು ಇಳಿಯುವವನ ತರಬೇತಿಗಿಲ್ಲ. ನನಗೆ ಅತಿ ಹೆಚ್ಚು ಸಂಕಟ ತರುವ ಲೋಪ ಇದು.

ಕಲುಷಿತ ತಾಣಗಳ ನಿರ್ವಹಣೆಗೆ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮ ತಂದಿದೆ. ಅದರ ಬೆನ್ನಿಗೆ ಟೆಂಡರ್‌ಗಳೂ ಬರಬೇಕು. ಅವು ಬರುವ ಮೊದಲು ರಾಜ್ಯ ಈ ಕೆಲಸಕ್ಕೆಂದೇ ಬೇರೆ ಅರ್ಹತಾ ದಸ್ತಾವೇಜು ಬರೆಯಲಿ. ಮ್ಯಾನಿಫೆಸ್ಟ್ ದಾಖಲೆ, ಮಂಡಳಿ ಕೊಟ್ಟ ನೋಟಿಸುಗಳು, ಉಪಗುತ್ತಿಗೆದಾರರ ಹೆಸರು, ಕೂಲಿಗಳ ತರಬೇತಿ ಅದರಲ್ಲಿರಲಿ. ತಾಂತ್ರಿಕ ಲಕೋಟೆಯಲ್ಲಿ ಪಾಸಾದವರ ಈ ವಿವರಗಳನ್ನು ದರದ ಲಕೋಟೆ ತೆರೆಯುವ ಮೊದಲು ಆ ಊರಿನ ಗ್ರಾಮ ಪಂಚಾಯಿತಿಯಲ್ಲಿ ಕನ್ನಡದಲ್ಲಿ ಅಂಟಿಸಿ, ಆಕ್ಷೇಪಣೆಗೆ ಕಾಲ ಕೊಡಲಿ.